ಕ್ಷಮೆ ಕೇಳಿದ್ದೀರಿ, ಈಗ ಲೆಕ್ಕ ಕೊಡಿ: ನ್ಯೂಯಾರ್ಕ್ ಮೆಟ್ಸ್ ಮಾಲೀಕರಿಗೆ ಬಹಿರಂಗ ಪತ್ರ

ಮಾನ್ಯ ಸ್ಟೀವ್ ಕೋಹೆನ್ ಅವರಿಗೆ,

2025ರ ಸೆಪ್ಟೆಂಬರ್ 28ರ ಭಾನುವಾರ ಮಯಾಮಿಯಲ್ಲಿ ನಿಮ್ಮ ಮೆಟ್ಸ್ ಬೇಸ್‌ಬಾಲ್ ತಂಡ ಋತುವಿನ ಕೊನೆಯ ಪಂದ್ಯವನ್ನು 4-0ಯಿಂದ ಸೋತು, ಕಪ್‌ಗಾಗಿ ನಡೆಯುವ ಅಂತಿಮ ಸುತ್ತುಗಳಾದ ಪ್ಲೇಆಫ್‌ನಿಂದ ಹೊರಬಿದ್ದಿತು. ಅದರ ಬೆನ್ನಲ್ಲೇ ನೀವು ಅಭಿಮಾನಿಗಳ ಕ್ಷಮೆ ಕೇಳಿದಿರಿ. ಅಭಿಮಾನಿಗಳಾದ ನಾವು ನಮ್ಮ ಪಾಲಿನ ಕೆಲಸ ಮಾಡಿದೆವು, ತಂಡ ತನ್ನ ಪಾಲಿನದನ್ನು ಮಾಡಲಿಲ್ಲ ಎಂದು ಒಪ್ಪಿಕೊಂಡಿರಿ. ಕಣ್ಣಿಗೆ ಕಾಣುವ ಕಾರಣಗಳನ್ನೂ ಕಾಣದ ಕಾರಣಗಳನ್ನೂ ಹುಡುಕುತ್ತೇವೆ ಎಂದು ಮಾತು ಕೊಟ್ಟಿರಿ. ಸೋತ ತಂಡದ ಮಾಲೀಕರು ಹೀಗೆ ಮುಂದೆ ಬಂದು ತಪ್ಪೊಪ್ಪಿಕೊಳ್ಳುವುದು ಅಪರೂಪ. ಅದಕ್ಕೆ ಸಲ್ಲಬೇಕಾದ ಗೌರವವನ್ನು ಮೊದಲೇ ಸಲ್ಲಿಸುತ್ತೇನೆ.

ಆದರೆ ಹುಡುಕಿದ ಕಾರಣಗಳನ್ನು ಯಾರಿಗೆ ಹೇಳುತ್ತೀರಿ? ಆ ಪರಿಶೀಲನೆ ನಿಮ್ಮ ಕಚೇರಿಯೊಳಗೆ ಆರಂಭವಾಗಿ ಅಲ್ಲಿಯೇ ಮುಗಿದುಹೋದರೆ ನಿಮ್ಮ ಕ್ಷಮೆಗೆ ಅರ್ಥ ಉಳಿಯುವುದಿಲ್ಲ. ನಮಗೆ ಲೆಕ್ಕ ಬೇಕು. ಬಹಿರಂಗವಾಗಿ, ನಮ್ಮೆದುರಿಗೆ ಬೇಕು. ಈ ಪತ್ರ ಬರೆಯುತ್ತಿರುವುದು ಇಷ್ಟನ್ನು ಕೇಳಲಿಕ್ಕೆ.

ನಾನು ನ್ಯೂಯಾರ್ಕ್ ನಗರದ ಕ್ವೀನ್ಸ್‌ನಲ್ಲಿ ನೆಲೆಸಿರುವ ಕನ್ನಡಿಗ. ನಿಮ್ಮ ಸಿಟಿ ಫೀಲ್ಡ್ ಕ್ರೀಡಾಂಗಣದ ಮುಂದೆ ನಿಲ್ಲುವ 7ನೇ ನಂಬರಿನ ರೈಲು ಅಲ್ಲಿಂದ ಹೊರಟು ಮುಂದಿನ ನಿಲ್ದಾಣವಾದ ಫ್ಲಶಿಂಗ್‌ನಲ್ಲಿ ತನ್ನ ಓಟ ಮುಗಿಸುತ್ತದೆ. ಅಲ್ಲಿಂದ ಬೌನ್ ಸ್ಟ್ರೀಟ್ ಕಡೆ ನಡೆದರೆ 1977ರಲ್ಲಿ ಪ್ರತಿಷ್ಠಾಪನೆಯಾದ ಗಣೇಶನ ದೇವಸ್ಥಾನವಿದೆ, ಅದರ ನೆಲಮಾಳಿಗೆಯಲ್ಲಿ ದೋಸೆಗೆ ಹೆಸರಾದ ಕ್ಯಾಂಟೀನು ಇದೆ. ಬೆಳಿಗ್ಗೆ ದರ್ಶನ, ಆಮೇಲೆ ದೋಸೆ, ಮಧ್ಯಾಹ್ನ ಪಂದ್ಯ ಎಂಬುದು ಈ ಭಾಗದ ನಮ್ಮಂಥ ಹಲವು ಮನೆಗಳ ಬೇಸಿಗೆಯ ಭಾನುವಾರ. ಕ್ಯಾಂಟೀನಿನಲ್ಲಿ ನೀಲಿ ಮತ್ತು ಕಿತ್ತಳೆ ಬಣ್ಣದ ಮೆಟ್ಸ್ ಟೋಪಿ ತೊಟ್ಟ ಮಕ್ಕಳು ಚಟ್ನಿಗಾಗಿ ಸಾಲಿನಲ್ಲಿ ನಿಂತಿರುವುದನ್ನು ಯಾವ ಭಾನುವಾರ ಬಂದರೂ ನೋಡಬಹುದು. ನಿಮ್ಮ ತಂಡ ಬೆಳೆದದ್ದು ಇಂಥ ಊರಿನಲ್ಲಿ. ಹಾಗಾಗಿ ಇಲ್ಲಿ ಆಡುವ ಭಾಷೆಗಳಲ್ಲಿ ಒಂದಾದ ಕನ್ನಡದಲ್ಲೇ ಈ ಅಹವಾಲನ್ನು ಬರೆಯುತ್ತಿದ್ದೇನೆ. ನನ್ನೊಡನೆ ಕುಳಿತು ಈ ಋತುವನ್ನು ನೋಡಿದವರೂ ಇದನ್ನು ಓದಲಿ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಬೇಸ್‌ಬಾಲ್ ಒಗ್ಗಿಕೊಳ್ಳಲು ಸ್ವಲ್ಪ ಸಮಯ ಹಿಡಿಯಿತು. ಆರು ತಿಂಗಳಲ್ಲಿ 162 ಪಂದ್ಯ. ಹೆಚ್ಚುಕಡಿಮೆ ದಿನಕ್ಕೊಂದು. ಸಂಜೆ ಅಡುಗೆಯ ಹೊತ್ತಿಗೆ ಟಿವಿಯಲ್ಲಿ ವೀಕ್ಷಕ ವಿವರಣೆಗಾರರಾದ ಗ್ಯಾರಿ ಕೋಹೆನ್, ಕೀತ್ ಹೆರ್ನಾಂಡೆಝ್, ರಾನ್ ಡಾರ್ಲಿಂಗ್ ಅವರ ಮಾತು ಕೇಳುತ್ತಲೇ ನಾವು ಈ ಆಟವನ್ನು ಕಲಿತೆವು. ಯಾವಾಗ ಪಿಚರನನ್ನು, ಅಂದರೆ ಚೆಂಡೆಸೆಯುವವನನ್ನು, ಬದಲಿಸಬೇಕು, ಯಾವ ಬ್ಯಾಟರನನ್ನು ಉದ್ದೇಶಪೂರ್ವಕವಾಗಿ ಒಂದನೇ ಬೇಸ್‌ಗೆ ಕಳುಹಿಸಬೇಕು ಎಂಬುದೆಲ್ಲ ಅವರಿಂದ ಬಂದ ಪಾಠ. ದಿನವೂ ಆಡುವ ಆಟವಾದ್ದರಿಂದ ಅದು ಮನೆಯ ದಿನಚರಿಗೆ ಸೇರಿಬಿಡುತ್ತದೆ. ಹೀಗೆ ಸೇರಿಕೊಂಡ ತಂಡ ಕುಸಿಯುವಾಗ ದಿನವೂ ಕುಸಿಯುತ್ತದೆ, ನಾವು ದಿನವೂ ಅದನ್ನು ನೋಡಬೇಕಾಗುತ್ತದೆ. ಈ ವರ್ಷ ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ ನಮ್ಮ ಮನೆಗಳಲ್ಲಿ ಆದದ್ದು ಅದೇ.

ಕೊನೆಯ ದಿನದ ಮಾತಿಗೆ ಬರುತ್ತೇನೆ. ಅಂದು ಬೆಳಿಗ್ಗೆ ಮೆಟ್ಸ್ ಮತ್ತು ಸಿನ್ಸಿನಾಟಿ ರೆಡ್ಸ್ ಎರಡೂ 83 ಗೆಲುವಿನಲ್ಲಿ ಸಮ ನಿಂತಿದ್ದವು. ನ್ಯಾಷನಲ್ ಲೀಗ್‌ನಲ್ಲಿ ವಿಭಾಗ ಗೆಲ್ಲದ ತಂಡಗಳಿಗೆ ಪ್ಲೇಆಫ್‌ಗೆ ದಾರಿಯಾದ ವೈಲ್ಡ್ ಕಾರ್ಡ್ ಸ್ಥಾನಗಳಲ್ಲಿ ಮೂರನೆಯದು ಒಂದೇ ಉಳಿದಿತ್ತು. ಹಿಂದೆಲ್ಲ ಇಂಥ ಸಮಬಲಕ್ಕೆ 163ನೇ ಪಂದ್ಯ ಆಡಿಸುತ್ತಿದ್ದರು. 2022ರಿಂದ ಆ ಪದ್ಧತಿ ಇಲ್ಲ, ಎರಡು ತಂಡಗಳು ಪರಸ್ಪರ ಆಡಿದ ಪಂದ್ಯಗಳಲ್ಲಿ ಯಾರು ಹೆಚ್ಚು ಗೆದ್ದಿದ್ದಾರೋ ಅವರು ಮುಂದೆ. ರೆಡ್ಸ್ ನಮ್ಮ ವಿರುದ್ಧ ಆರರಲ್ಲಿ ನಾಲ್ಕು ಗೆದ್ದಿತ್ತು. ಹಾಗಾಗಿ ನಾವು ಅವರಿಗಿಂತ ಒಂದು ಗೆಲುವು ಮುಂದಿರಲೇಬೇಕಿತ್ತು. ಮಿಲ್ವಾಕಿಯಲ್ಲಿ ರೆಡ್ಸ್ 4-2ರಿಂದ ಸೋತಿತು. ಬಾಗಿಲು ತಾನಾಗಿಯೇ ತೆರೆದುಕೊಂಡಿತ್ತು. ಮಯಾಮಿಯಲ್ಲಿ ನಾವು ಗೆದ್ದಿದ್ದರೆ ಸಾಕಿತ್ತು.

ಒಂಬತ್ತು ಇನ್ನಿಂಗ್ಸ್‌ಗಳ ಆ ಆಟದ ನಾಲ್ಕನೇ ಇನ್ನಿಂಗ್ಸ್‌ನಲ್ಲಿ ಮಯಾಮಿಯ ತಂಡವಾದ ಮಾರ್ಲಿನ್ಸ್ ನಾಲ್ಕು ರನ್ ಗಳಿಸಿತು. ಐದನೆಯದರಲ್ಲಿ ಮೂರೂ ಬೇಸ್‌ಗಳಲ್ಲಿ ನಮ್ಮವರಿದ್ದರು, ಎರಡು ಔಟ್ ಆಗಿತ್ತು, ಬ್ಯಾಟ್ ಹಿಡಿದು ನಿಂತಿದ್ದವರು ಪೀಟ್ ಅಲಾನ್ಸೊ. ಅವರು ಹೊಡೆದ ಚೆಂಡು ಗಂಟೆಗೆ 115 ಮೈಲಿಗೂ ಹೆಚ್ಚಿನ ವೇಗದಲ್ಲಿ ಎಡಮೈದಾನದ ಕಡೆಗೆ ಹೋಯಿತು. ಬ್ಯಾಟಿಗೆ ಚೆಂಡು ತಗುಲಿದ ಸದ್ದು ಕೇಳಿಯೇ ಎದ್ದು ನಿಂತೆವು. ಅದು ಎತ್ತರಕ್ಕೆ ಏರದೆ ನೆಟ್ಟಗೆ ಹೋಗಿ ಹಾವಿಯರ್ ಸನೋಹಾ ಅವರ ಗ್ಲೌಸಿನೊಳಗೆ ಸೇರಿತು. ಅಷ್ಟು ಬಿರುಸಾಗಿ ಹೊಡೆದ ಚೆಂಡು ಕೆಲವು ಅಡಿ ಆಚೀಚೆ ಹೋಗಿದ್ದರೂ ಪಂದ್ಯದ ಕಥೆಯೇ ಬೇರೆಯಾಗುತ್ತಿತ್ತು. ಆ ಕ್ಷಣಕ್ಕಾಗಿ ನಾನು ಅಲಾನ್ಸೊ ಅವರನ್ನು ದೂರುವುದಿಲ್ಲ, ಯಾರೂ ದೂರಬಾರದು. ಕೊನೆಗೆ ಫ್ರಾನ್ಸಿಸ್ಕೊ ಲಿಂಡೋರ್ ಅವರ ಹೊಡೆತ ಡಬಲ್ ಪ್ಲೇ ಆಗಿ, ಅಂದರೆ ಒಂದೇ ಹೊಡೆತಕ್ಕೆ ಇಬ್ಬರು ಔಟಾಗಿ, ಋತು ಮುಗಿಯಿತು.

ಮಾರ್ಲಿನ್ಸ್ ಎಂಬ ಹೆಸರು ಕೇಳಿದರೆ ಹಳೆಯ ಮೆಟ್ಸ್ ಅಭಿಮಾನಿಗಳ ಮುಖ ಬಾಡುತ್ತದೆ. 2007ರಲ್ಲಿ 17 ಪಂದ್ಯ ಬಾಕಿ ಇರುವಾಗ ಏಳು ಪಂದ್ಯಗಳ ಮುನ್ನಡೆ ಇತ್ತು. ಅಷ್ಟನ್ನೂ ಕಳೆದುಕೊಂಡು ಕೊನೆಯ ದಿನ ಮಾರ್ಲಿನ್ಸ್ ಎದುರು 8-1ರಿಂದ ಸೋತರು. ಅಂದು ಟಾಮ್ ಗ್ಲಾವಿನ್ ಒಬ್ಬನೇ ಬ್ಯಾಟರನನ್ನು ಔಟ್ ಮಾಡುವಷ್ಟರಲ್ಲಿ ಅವರ ಲೆಕ್ಕಕ್ಕೆ ಏಳು ರನ್ ಸೇರಿತ್ತು. ಮರುವರ್ಷ, 2008ರ ಇದೇ ಸೆಪ್ಟೆಂಬರ್ 28ರಂದು, ಹಳೆಯ ಶೇ ಕ್ರೀಡಾಂಗಣದ ಕಟ್ಟಕಡೆಯ ಪಂದ್ಯದಲ್ಲಿ ಮತ್ತೆ ಮಾರ್ಲಿನ್ಸ್ ಎದುರು 4-2ರಿಂದ ಸೋತು ಹೊರಬಿದ್ದರು. ಈಗ ಮೂರನೆಯ ಬಾರಿ. ಮೊದಲ ಎರಡಕ್ಕೆ ನೀವು ಹೊಣೆಗಾರರಲ್ಲ, ಆಗ ತಂಡ ನಿಮ್ಮದಾಗಿರಲಿಲ್ಲ. ಆದರೆ ನೀವೂ ಬಾಲ್ಯದಿಂದ ಮೆಟ್ಸ್ ಅಭಿಮಾನಿ ಎಂದು ಹೇಳಿಕೊಂಡವರು. ಆ ಎರಡು ಸಂಜೆಗಳು ಹೇಗಿದ್ದವು ಎಂದು ನಾನು ನಿಮಗೆ ವಿವರಿಸಬೇಕಾಗಿಲ್ಲ.

ಈ ಋತುವನ್ನು ನಾವು ಕಳೆದುಕೊಂಡದ್ದು ಮಯಾಮಿಯಲ್ಲಲ್ಲ. ಜೂನ್ 12ರ ಹೊತ್ತಿಗೆ ಮೆಟ್ಸ್ 45 ಗೆಲುವು, 24 ಸೋಲಿನೊಂದಿಗೆ ಇಡೀ ಲೀಗ್‌ನಲ್ಲೇ ಎಲ್ಲರಿಗಿಂತ ಮುಂದಿತ್ತು. ಅಲ್ಲಿಂದಾಚೆಗೆ 38 ಗೆದ್ದು 55 ಸೋತಿತು. ಆ ವೇಗದಲ್ಲಿ ಇಡೀ ಋತು ಆಡುವ ತಂಡ ಪಟ್ಟಿಯ ತಳದಲ್ಲಿರುತ್ತದೆ. ಜೂನ್ ಕೊನೆಯಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಮೂರು ಪಂದ್ಯಗಳನ್ನೂ ಸೋತಾಗ ಅವರು 30 ರನ್ ಹೊಡೆದಿದ್ದರು, ನಾವು 4. ಸೆಪ್ಟೆಂಬರ್‌ನಲ್ಲಿ ಸಾಲಾಗಿ ಎಂಟು ಸೋಲು, ಅದರಲ್ಲಿ ನಾಲ್ಕು ಫಿಲಡೆಲ್ಫಿಯಾದಲ್ಲಿ ಒಂದರ ಹಿಂದೊಂದು. ಇಡೀ ವರ್ಷದಲ್ಲಿ ಎಂಟು ಇನ್ನಿಂಗ್ಸ್ ಮುಗಿದಾಗ ಹಿಂದಿದ್ದ ಒಂದೇ ಒಂದು ಪಂದ್ಯವನ್ನೂ ನಮ್ಮವರು ತಿರುಗಿಸಿ ಗೆಲ್ಲಲಿಲ್ಲ. ಇದು ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಹಿಂದಿನ ವರ್ಷ ಇದೇ ತಂಡ ಕೊನೆಯ ಚೆಂಡಿನವರೆಗೆ ಕೈಬಿಡದ ತಂಡವಾಗಿತ್ತು. ಮಿಲ್ವಾಕಿಯಲ್ಲಿ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಅಲಾನ್ಸೊ ಹೊಡೆದ ಮೂರು ರನ್ನಿನ ಹೋಮ್ ರನ್‌ನಿಂದ ಪ್ಲೇಆಫ್ ಸರಣಿಯನ್ನೇ ಗೆದ್ದಿತ್ತು. ಒಂದು ವರ್ಷದೊಳಗೆ ಆ ಛಲ ಎಲ್ಲಿ ಹೋಯಿತು?

ಸೆಪ್ಟೆಂಬರ್ 21ರ ಭಾನುವಾರ ನಾನು ಕುಟುಂಬದೊಂದಿಗೆ ಸಿಟಿ ಫೀಲ್ಡ್‌ನ ಮೇಲಂತಸ್ತಿನಲ್ಲಿದ್ದೆ. ಎದುರಾಳಿ ವಾಷಿಂಗ್ಟನ್ ನ್ಯಾಷನಲ್ಸ್, ನಮ್ಮ ವಿಭಾಗದಲ್ಲಿ ಕಟ್ಟಕಡೆಯ ತಂಡ, ಆ ವರ್ಷ 96 ಪಂದ್ಯ ಸೋತವರು. ಹಿಂದಿನ ದಿನವಷ್ಟೇ ಅವರು ನಮ್ಮನ್ನು 11 ಇನ್ನಿಂಗ್ಸ್‌ನಲ್ಲಿ 5-3ರಿಂದ ಸೋಲಿಸಿದ್ದರು. ಅಂದು ಬ್ರೆಟ್ ಬೇಟಿ ಹೊಡೆದ ಚೆಂಡು ಮಧ್ಯಮೈದಾನದ ಗೋಡೆಯ ಬಳಿಗೆ ಹೋಯಿತು. ಜೇಕಬ್ ಯಂಗ್ ಓಡಿ ಬಂದರು, ಚೆಂಡು ಅವರ ಗ್ಲೌಸಿನಿಂದ ಜಾರಿ ಕೆಳಗೆ ಬೀಳುತ್ತಿತ್ತು, ಅದು ನೆಲ ಮುಟ್ಟುವ ಮೊದಲೇ ಕಾಲಿನಿಂದ ಮೇಲಕ್ಕೆ ಚಿಮ್ಮಿಸಿ ಮತ್ತೆ ಹಿಡಿದರು. ನಾನಿದ್ದ ಜಾಗದಿಂದ ಏನಾಯಿತೆಂದೇ ತಿಳಿಯಲಿಲ್ಲ, ದೊಡ್ಡ ಪರದೆಯಲ್ಲಿ ಮತ್ತೆ ತೋರಿಸಿದಾಗ ನಮ್ಮ ಸಾಲಿನಲ್ಲಿದ್ದವರೆಲ್ಲ ತಲೆಯ ಮೇಲೆ ಕೈಯಿಟ್ಟುಕೊಂಡರು. ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಫ್ರಾನ್ಸಿಸ್ಕೊ ಅಲ್ವಾರೆಝ್ ಹೊಡೆದ ಚೆಂಡು ಗೋಡೆ ದಾಟುವಂತಿದ್ದಾಗ ಅದೇ ಯಂಗ್ ನೆಗೆದು ಅದನ್ನೂ ಕಸಿದುಕೊಂಡರು. 3-2ರಿಂದ ಸೋತೆವು. ಆ ದಿನವೇ ರೆಡ್ಸ್ ನಮ್ಮ ಸಮಕ್ಕೆ ಬಂದು ನಿಂತಿತು.

ಎದುರಾಳಿಯ ಆಟಗಾರ ಅಂಥ ಕ್ಯಾಚ್ ಹಿಡಿದರೆ ಅದಕ್ಕೆ ಚಪ್ಪಾಳೆ ತಟ್ಟಬೇಕು, ತಟ್ಟಿದೆ. ಆದರೆ 96 ಪಂದ್ಯ ಸೋತ ತಂಡದೆದುರು ಒಂದು ಕ್ಯಾಚಿನ ಮೇಲೆ ನಮ್ಮ ಋತು ತೂಗುವ ಸ್ಥಿತಿಗೆ ಬಂದದ್ದೇ ತಪ್ಪು. ಆ ಸ್ಥಿತಿಗೆ ತಂದದ್ದು ಆ ಭಾನುವಾರದ ಅದೃಷ್ಟವಲ್ಲ, ಹಿಂದಿನ ಚಳಿಗಾಲದ ನಿರ್ಧಾರಗಳು. ನಾನು ಲೆಕ್ಕ ಕೇಳುತ್ತಿರುವುದು ಅಲ್ಲಿಂದ.

2024ರ ಡಿಸೆಂಬರ್‌ನಲ್ಲಿ ನೀವು ಹ್ವಾನ್ ಸೊಟೊ ಅವರನ್ನು 15 ವರ್ಷಕ್ಕೆ 76.5 ಕೋಟಿ ಡಾಲರಿಗೆ ಕರೆತಂದಿರಿ. ಕ್ರೀಡಾ ಜಗತ್ತೇ ಬೆರಗಾಗಿ ನೋಡಿತು. ಅವರು ತಮ್ಮ ಕೆಲಸ ಮಾಡಿದರು: 43 ಹೋಮ್ ರನ್, 38 ಬೇಸ್ ಕಳ್ಳತನ (ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡಿ ಸೇರುವುದು), 105 ರನ್ ತಂದುಕೊಟ್ಟ ಹೊಡೆತಗಳು. ಮೇ ತಿಂಗಳಲ್ಲಿ ಅವರ ಮೇಲೆ ಎದ್ದ ದೂರುಗಳೆಲ್ಲ ಆಮೇಲೆ ಉದುರಿಹೋದವು. ಅಲಾನ್ಸೊ ಒಂದೂ ಪಂದ್ಯ ತಪ್ಪಿಸಿಕೊಳ್ಳದೆ 162ರಲ್ಲಿಯೂ ಆಡಿ 38 ಹೋಮ್ ರನ್ ಹೊಡೆದರು. ಹೀಗೆ ಬ್ಯಾಟಿಗೆ ಬೆಲೆ ಕಟ್ಟುವಾಗ ಕೈ ಬಿಗಿಹಿಡಿಯದ ತಂಡ ಚೆಂಡೆಸೆಯುವವರನ್ನು ಆರಿಸುವಾಗ ಮಾತ್ರ ಅಗ್ಗದ ಕಡೆ ಏಕೆ ಹೋಯಿತು?

ನಿಮ್ಮ ಬೇಸ್‌ಬಾಲ್ ವಿಭಾಗದ ಅಧ್ಯಕ್ಷರಾದ ಡೇವಿಡ್ ಸ್ಟರ್ನ್ಸ್ ಆರಂಭಿಕ ಪಿಚರ್‌ಗಳ, ಅಂದರೆ ಪಂದ್ಯದ ಮೊದಲಿನಿಂದ ಚೆಂಡೆಸೆಯುವವರ, ಪಟ್ಟಿಯನ್ನು ಹೇಗೆ ಕಟ್ಟಿದರು ಎಂದು ನೋಡಿ. ನಮ್ಮೂರಿನ ಇನ್ನೊಂದು ತಂಡವಾದ ಯಾಂಕೀಸ್‌ನಲ್ಲಿ ಕೊನೆಯ ಇನ್ನಿಂಗ್ಸ್‌ಗಳಿಗಷ್ಟೇ ಬರುತ್ತಿದ್ದ ಕ್ಲೇ ಹೋಮ್ಸ್ ಅವರನ್ನು ಆರಂಭಿಕರನ್ನಾಗಿಸಿದರು. ಆ ಪ್ರಯೋಗ ಫಲಿಸಿತು, ಹೋಮ್ಸ್ ಋತುವಿನ ಕೊನೆಯವರೆಗೂ ನಿಂತರು. ಅದನ್ನು ಮರೆಯಬಾರದು. ಫ್ರಾಂಕಿ ಮೊಂಟಾಸ್ ಗಾಯಗೊಂಡೇ ಋತು ಆರಂಭಿಸಿದರು, ಬಂದ ಮೇಲೂ ನಿಲ್ಲಲಿಲ್ಲ. ಶಾನ್ ಮನಾಯಾ ಜುಲೈವರೆಗೆ ಮೈದಾನಕ್ಕಿಳಿಯಲಿಲ್ಲ, ಇಳಿದ ಮೇಲೆ ಹಿಂದಿನ ವರ್ಷದ ಮನಾಯಾ ಆಗಿರಲಿಲ್ಲ. ಚೆನ್ನಾಗಿ ಆಡುತ್ತಿದ್ದ ಗ್ರಿಫಿನ್ ಕ್ಯಾನಿಂಗ್ ಅವರ ಹಿಮ್ಮಡಿಯ ಸ್ನಾಯುರಜ್ಜು ಜೂನ್ 26ರಂದು ಹರಿಯಿತು. ಟೈಲರ್ ಮೆಗಿಲ್ ಮೊಣಕೈ ನೋವಿನಿಂದ ಹೊರಹೋದರು. ಕೊಡಾಯ್ ಸೆಂಗಾ ಅವರದು ಎಲ್ಲಕ್ಕಿಂತ ನೋವಿನ ಕಥೆ. ನಾವು ಶಿಖರದಲ್ಲಿದ್ದ ಆ ಜೂನ್ 12ರಂದೇ, ಒಂದನೇ ಬೇಸ್ ಬಳಿ ಎತ್ತರಕ್ಕೆ ಬಂದ ಎಸೆತವನ್ನು ನೆಗೆದು ಹಿಡಿಯಲು ಹೋಗಿ ತೊಡೆಯ ಹಿಂಭಾಗ ಹಿಡಿದುಕೊಂಡು ಬಿದ್ದರು. ಅಲ್ಲಿಯವರೆಗೆ ಅವರ ಸರಾಸರಿ 1.47, ಅಂದರೆ ಒಂಬತ್ತು ಇನ್ನಿಂಗ್ಸ್‌ಗೆ ಎದುರಾಳಿಗೆ ಎರಡು ರನ್ನೂ ಸಿಗುತ್ತಿರಲಿಲ್ಲ. ಒಂದು ತಿಂಗಳಲ್ಲಿ ಮರಳಿದರು, ಆದರೆ ಲಯ ಮರಳಲಿಲ್ಲ. ಸೆಪ್ಟೆಂಬರ್‌ನಲ್ಲಿ ತಮ್ಮ ಒಪ್ಪಿಗೆಯಿಂದಲೇ ಕೆಳಹಂತದ ಸಿರಕ್ಯೂಸ್ ತಂಡಕ್ಕೆ ಹೋದರು.

ಗಾಯಗಳು ಯಾರ ಕೈಯಲ್ಲೂ ಇಲ್ಲ, ಒಪ್ಪುತ್ತೇನೆ. ಆದರೆ ಮೈಯಲ್ಲಿ ಹಳೆಯ ನೋವಿದ್ದವರನ್ನೇ ಹೆಚ್ಚು ಆರಿಸಿಕೊಂಡು ಆಮೇಲೆ ಗಾಯದ ಮಾತಾಡುವುದು ಸರಿಯೇ? ಜೂನ್ ಮಧ್ಯದಿಂದ ವಾರಗಟ್ಟಲೆ ಡೇವಿಡ್ ಪೀಟರ್ಸನ್ ಒಬ್ಬರನ್ನು ಬಿಟ್ಟರೆ ನಮ್ಮ ಯಾವ ಆರಂಭಿಕ ಪಿಚರನೂ ಆರು ಇನ್ನಿಂಗ್ಸ್ ಪೂರ್ತಿಗೊಳಿಸಲಿಲ್ಲ. ಆ ಭಾರ ಬಿದ್ದದ್ದು ಬುಲ್‌ಪೆನ್‌ನಲ್ಲಿ ಕಾದು ಕುಳಿತ ಬದಲಿ ಪಿಚರ್‌ಗಳ ಮೇಲೆ. ದಿನವೂ ನಾಲ್ಕು, ಐದು ಇನ್ನಿಂಗ್ಸ್ ಹೊತ್ತು ಅವರ ತೋಳುಗಳು ಸೋತವು. ಸಿರಕ್ಯೂಸ್‌ನಿಂದ ಬೆಳಿಗ್ಗೆ ಒಬ್ಬರು ಬರುವುದು, ರಾತ್ರಿ ಎಸೆದು ಮರುದಿನ ಹಿಂತಿರುಗುವುದು ಮಾಮೂಲಾಯಿತು. ಋತು ಮುಗಿಯುವ ಹೊತ್ತಿಗೆ ನಮ್ಮ ಪರವಾಗಿ 40ಕ್ಕೂ ಹೆಚ್ಚು ಜನ ಚೆಂಡೆಸೆದಿದ್ದರು. ಪಂದ್ಯ ನೋಡಲು ಕುಳಿತಾಗ ಈ ಹೊಸ ಹೆಸರು ಯಾರದು ಎಂದು ಮೊಬೈಲ್‌ನಲ್ಲಿ ಹುಡುಕುವ ಪರಿಸ್ಥಿತಿ ನಮ್ಮದಾಗಿತ್ತು. 2024ರಲ್ಲಿ ನಮ್ಮಲ್ಲಿದ್ದ ಹೊಸೆ ಕಿಂಟಾನಾ ಅವರನ್ನು ಉಳಿಸಿಕೊಳ್ಳಲಿಲ್ಲ. ಅವರು ಸಣ್ಣ ಮೊತ್ತಕ್ಕೆ ಮಿಲ್ವಾಕಿಗೆ ಹೋಗಿ 11 ಪಂದ್ಯ ಗೆದ್ದುಕೊಟ್ಟರು. ಆ ಮಿಲ್ವಾಕಿ ತಂಡ ನಿಮ್ಮ ಸಂಬಳದ ಪಟ್ಟಿಯ ಅರ್ಧಕ್ಕೂ ಕಡಿಮೆ ಖರ್ಚಿನಲ್ಲಿ 97 ಪಂದ್ಯ ಗೆದ್ದು ಇಡೀ ಲೀಗ್‌ಗೆ ಮೊದಲಿಗನಾಯಿತು. ಸ್ಟರ್ನ್ಸ್ ಹೆಸರು ಮಾಡಿದ್ದೂ ಆ ತಂಡದಲ್ಲೇ, ನೀವು ಅವರನ್ನು ಕರೆತಂದದ್ದೂ ಅಲ್ಲಿ ಮಾಡಿದ ಕೆಲಸ ನೋಡಿಯೇ.

ಜುಲೈ ಕೊನೆಯಲ್ಲಿ ತಪ್ಪು ತಿದ್ದಿಕೊಳ್ಳಲು ಅವಕಾಶವಿತ್ತು. ಆಟಗಾರರ ವಿನಿಮಯದ ಗಡುವಿಗೆ ಮುನ್ನ ಗ್ರೆಗರಿ ಸೊಟೊ, ಟೈಲರ್ ರಾಜರ್ಸ್, ರಯಾನ್ ಹೆಲ್ಸ್‌ಲಿ ಬಂದರು. ಮೂವರೂ ಕೊನೆಯ ಇನ್ನಿಂಗ್ಸ್‌ಗಳ ಪಿಚರ್‌ಗಳು. ಮಧ್ಯಮೈದಾನಕ್ಕೆ ಸೆಡ್ರಿಕ್ ಮಲಿನ್ಸ್ ಬಂದರು. ಎಲ್ಲರ ಕಣ್ಣಿಗೂ ಕಾಣುತ್ತಿದ್ದ ಕೊರತೆ ಆರಂಭಿಕ ಪಿಚರನದು. ಒಬ್ಬರೂ ಬರಲಿಲ್ಲ. ಹೆಲ್ಸ್‌ಲಿ ಅವರ ಸರಾಸರಿ ನಮ್ಮಲ್ಲಿ ಏಳು ದಾಟಿತು, ಮಲಿನ್ಸ್ ಬ್ಯಾಟಿಂಗ್ ಸರಾಸರಿ .200, ಅಂದರೆ ಹತ್ತು ಯತ್ನಕ್ಕೆ ಎರಡು ಹಿಟ್, ಕೂಡ ಮುಟ್ಟಲಿಲ್ಲ. ಈ ಇಬ್ಬರ ಮೇಲೆ ಕ್ರೀಡಾಂಗಣದಲ್ಲಿ ಧಿಕ್ಕಾರದ ಕೂಗು ಎದ್ದದ್ದು ನನಗೆ ಸರಿ ಕಾಣಲಿಲ್ಲ. ಅವರು ತಾವಾಗಿಯೇ ಬಂದವರಲ್ಲ, ನಿಮ್ಮವರು ಆರಿಸಿ ತಂದವರು. ಉತ್ತರವೂ ಆರಿಸಿದವರಿಂದಲೇ ಬರಬೇಕು.

ಇನ್ನೊಂದು ಪ್ರಶ್ನೆ ನನ್ನನ್ನು ಇವೆಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ನೋಲನ್ ಮೆಕ್ಲೀನ್ ಎಂಬ ಯುವ ಪಿಚರ್ ಆಗಸ್ಟ್ 16ರಂದು ಮೊದಲ ಬಾರಿ ನಮ್ಮ ಪರ ಆಡಿದರು. ಎಂಟು ಪಂದ್ಯ ಆರಂಭಿಸಿದರು, ಐದು ಗೆದ್ದರು, ಒಂದು ಸೋತರು, ಸರಾಸರಿ 2.06. ಆ ಎಂಟು ದಿನ ನಮ್ಮ ಮನೆಯಲ್ಲಿ ಎಲ್ಲರೂ ಟಿವಿ ಮುಂದೆ ಸೇರುತ್ತಿದ್ದೆವು. ಅವರ ಚೆಂಡು ಬ್ಯಾಟರನ ಹತ್ತಿರ ಬಂದು ಹೊರಕ್ಕೆ ಬಾಗುವ ರೀತಿಯನ್ನು ನನ್ನ ಮಗಳು ಕೈಯಲ್ಲಿ ಕಿತ್ತಳೆಹಣ್ಣು ಹಿಡಿದು ತಿರುಗಿಸಿ ತೋರಿಸುತ್ತಿದ್ದಳು. ಅಂಥ ಹುಡುಗ ಜೂನ್‌ನಲ್ಲಿ, ಜುಲೈನಲ್ಲಿ ಎಲ್ಲಿದ್ದ? ಸಿರಕ್ಯೂಸ್‌ನಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲೇ. ಸೆಂಗಾ ಬಿದ್ದ ದಿನದಿಂದ ಮೆಕ್ಲೀನ್ ಬರುವವರೆಗೆ ಎರಡು ತಿಂಗಳು ಕಳೆಯಿತು. ಜೋನಾ ಟಾಂಗ್ ಆಗಸ್ಟ್ 29ರಂದು ಬಂದರು, ಬ್ರ್ಯಾಂಡನ್ ಸ್ಪ್ರೋಟ್ ಸೆಪ್ಟೆಂಬರ್ 7ರಂದು. ಅಷ್ಟು ಹೊತ್ತಿಗೆ ಪ್ರತಿ ಪಂದ್ಯವೂ ಗೆಲ್ಲಲೇಬೇಕಾದ ಪಂದ್ಯವಾಗಿತ್ತು. ಕಲಿಯುವ ವಯಸ್ಸಿನ ಹುಡುಗರ ಹೆಗಲಿಗೆ ಇಡೀ ಋತುವಿನ ಭಾರ ಬಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂದು ನಮ್ಮಲ್ಲಿ ಹೇಳುತ್ತಾರೆ. ಎಳೆಯ ತೋಳುಗಳನ್ನು ಕಾಪಾಡಬೇಕೆಂಬ ಕಾಳಜಿಯಿಂದ ತಡ ಮಾಡಿದ್ದರೆ ಅದನ್ನು ಗೌರವಿಸುತ್ತೇನೆ, ಆದರೆ ಹಾಗೆಂದು ಹೇಳಿ. ದುಬಾರಿ ಒಪ್ಪಂದದ ಹಳಬರಿಗೆ ಇನ್ನೊಂದು ಅವಕಾಶ ಕೊಡಲೆಂದು ಅವರನ್ನು ಕಾಯಿಸಿದ್ದರೆ ಅದನ್ನೂ ಹೇಳಿ. ಒಂದೇ ಒಂದು ಗೆಲುವು ಸಾಕಿದ್ದ ವರ್ಷವಿದು.

ಕಳೆದ ವಾರ ನೀವು ಪಿಚಿಂಗ್ ಕೋಚ್ ಜೆರೆಮಿ ಹೆಫ್ನರ್ ಅವರನ್ನೂ ಬ್ಯಾಟಿಂಗ್ ಕೋಚ್‌ಗಳಾದ ಎರಿಕ್ ಚಾವೆಝ್, ಜೆರೆಮಿ ಬಾರ್ನ್ಸ್ ಅವರನ್ನೂ ಕಳುಹಿಸಿದಿರಿ. ಮ್ಯಾನೇಜರ್ ಕಾರ್ಲೋಸ್ ಮೆಂಡೋಝಾ ಮುಂದುವರಿಯುತ್ತಾರೆ. ಇದು ಸರಿಯೋ ತಪ್ಪೋ ಎಂದು ನಿರ್ಣಯಿಸುವಷ್ಟು ಒಳಗಿನ ಸಂಗತಿ ನನಗೆ ತಿಳಿಯದು. ಆದರೆ ಕೋಚ್‌ಗಳು ತಮಗೆ ಕೊಟ್ಟ ಆಟಗಾರರನ್ನು ತಿದ್ದುವವರು, ಆಟಗಾರರನ್ನು ಕೊಳ್ಳುವವರಲ್ಲ. ಮೂವರ ಕೆಲಸ ಹೋದ ಮಾತ್ರಕ್ಕೆ ಲೆಕ್ಕ ಚುಕ್ತಾ ಆಯಿತೆಂದು ನೀವು ಭಾವಿಸಿದ್ದರೆ ದಯವಿಟ್ಟು ಹಾಗೆ ಭಾವಿಸಬೇಡಿ.

2020ರಲ್ಲಿ ಸುಮಾರು 240 ಕೋಟಿ ಡಾಲರ್ ಕೊಟ್ಟು ತಂಡವನ್ನು ಕೊಂಡಾಗ, ಮೂರರಿಂದ ಐದು ವರ್ಷದಲ್ಲಿ ವಿಶ್ವ ಸರಣಿ ಗೆಲ್ಲದಿದ್ದರೆ ಅದು ನಿರಾಶೆಯೇ ಎಂದು ನೀವೇ ಹೇಳಿದ್ದಿರಿ. ನಾವಾರೂ ಕೇಳಿ ಹೇಳಿಸಿದ ಮಾತಲ್ಲ. ಇದು ಐದನೇ ಋತು. 1969, 1986, ಅಷ್ಟೇ ನಮ್ಮ ಕಪ್‌ಗಳು. ಎರಡನೆಯದನ್ನು ನೋಡಿದ ಮಕ್ಕಳಿಗೆ ಈಗ ಮೊಮ್ಮಕ್ಕಳಾಗುವ ವಯಸ್ಸು. ಕಪ್ ಬರಲಿಲ್ಲವೆಂದು ನಾನು ನಿಮ್ಮನ್ನು ಪೀಡಿಸುತ್ತಿಲ್ಲ. ಆಟದಲ್ಲಿ ಯಾರೂ ಗೆಲುವಿನ ಮಾತು ಕೊಡಲಾರರು. 30 ಕೋಟಿ ಡಾಲರಿಗೂ ಮಿಗಿಲಾದ ಸಂಬಳದ ಪಟ್ಟಿ ಹಿಡಿದು, ಆರು ತಂಡಗಳಿಗೆ ಜಾಗವಿರುವ ಪ್ಲೇಆಫ್‌ನ ಆರನೇ ಜಾಗವೂ ದಕ್ಕದಿದ್ದರೆ, ಹಣ ಎಲ್ಲಿ ಹೋಯಿತು ಎಂದು ಕೇಳುವ ಹಕ್ಕು ನಮಗಿದೆ. ಈ ವರ್ಷ 31 ಲಕ್ಷಕ್ಕೂ ಹೆಚ್ಚು ಟಿಕೆಟ್ ಕೊಂಡವರು ನಾವು. ಮಳೆಯಲ್ಲಿ ಕುಳಿತವರು, ಸೋಮವಾರದ ಶಾಲೆಯನ್ನೂ ಮರೆತು ಭಾನುವಾರ ರಾತ್ರಿಯ ಪಂದ್ಯಕ್ಕೆ ಮಕ್ಕಳನ್ನು ಕರೆತಂದವರು ನಾವು.

ಅಲಾನ್ಸೊ ಅವರ ವಿಷಯ ಹೇಳದೆ ಈ ಪತ್ರ ಮುಗಿಸಲಾರೆ. ಆಗಸ್ಟ್ 12ರಂದು ಅವರು ತಮ್ಮ 253ನೇ ಹೋಮ್ ರನ್ ಹೊಡೆದು, ಡ್ಯಾರಿಲ್ ಸ್ಟ್ರಾಬೆರಿ ಹೆಸರಿನಲ್ಲಿದ್ದ ಮೆಟ್ಸ್ ದಾಖಲೆಯನ್ನು ಮುರಿದರು. ಈ ತಂಡದಲ್ಲೇ ಬೆಳೆದವರು, ಇಲ್ಲಿಯೇ ಉಳಿಯಬೇಕೆಂದು ಹೇಳಿದವರು. ಕಳೆದ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಚೌಕಾಸಿ ನಡೆದು, ಕೊನೆಗೆ ಎರಡು ವರ್ಷದ ಒಪ್ಪಂದಕ್ಕೆ ಅವರು ಒಪ್ಪಬೇಕಾಯಿತು. ಮಯಾಮಿಯಲ್ಲಿ ಸೋತ ಸಂಜೆಯೇ ಆ ಒಪ್ಪಂದದಿಂದ ಹೊರಬಂದು ಮಾರುಕಟ್ಟೆಗೆ ಹೋಗುವುದಾಗಿ ತಿಳಿಸಿದರು. ಕೊನೆಯ ಇನ್ನಿಂಗ್ಸ್‌ನ ಪಿಚರ್ ಎಡ್ವಿನ್ ಡಿಯಾಝ್ ಅವರಿಗೂ ಹೊರಹೋಗುವ ದಾರಿ ಇದೆ. ಮೂವತ್ತು ದಾಟಿದ ಒಂದನೇ ಬೇಸ್ ಆಟಗಾರನಿಗೆ ದೀರ್ಘ ಒಪ್ಪಂದ ಕೊಡುವುದು ಲಾಭದ ವ್ಯವಹಾರವಲ್ಲ ಎಂದು ನಿಮ್ಮ ಲೆಕ್ಕಿಗರು ಹೇಳುತ್ತಿರಬಹುದು. ಅವರ ಅಂಕಿಗಳು ಸರಿಯೇ ಇರಬಹುದು. ಆದರೂ ಉಳಿಸಿಕೊಳ್ಳಿ ಎಂದು ಕೇಳುತ್ತೇನೆ. ಉಳಿಸಿಕೊಳ್ಳದಿದ್ದರೆ ಕಾರಣವನ್ನು ನಮ್ಮ ಮಕ್ಕಳಿಗೆ ನೀವೇ ವಿವರಿಸಿ. ಅವರ 20ನೇ ನಂಬರಿನ ಅಂಗಿ ತೊಟ್ಟು ಮಲಗುವ ಮಗುವಿಗೆ ಅದನ್ನು ಹೇಗೆ ಹೇಳಬೇಕೆಂದು ನನಗೆ ತೋಚುತ್ತಿಲ್ಲ.

ಲೆಕ್ಕ ಕೊಡುವುದು ಹೇಗೆ ಎಂದು ನೀವು ಕೇಳಬಹುದು. ದಾರಿ ನಿಮಗೆ ಗೊತ್ತೇ ಇದೆ. ಕ್ರೀಡಾಂಗಣದ ಪಕ್ಕದ ವಾಹನ ನಿಲುಗಡೆಯ ಬಯಲಿನಲ್ಲಿ 800 ಕೋಟಿ ಡಾಲರಿನ ಕ್ಯಾಸಿನೊ ಯೋಜನೆ ತರಲು ಹೊರಟಾಗ, 2023ರ ಜನವರಿಯಲ್ಲಿ ಸಿಟಿ ಫೀಲ್ಡ್‌ನ ಬಾಗಿಲು ತೆರೆದು ಕ್ವೀನ್ಸ್‌ನ ನಿವಾಸಿಗಳನ್ನು ಒಳಗೆ ಕರೆದಿರಿ. ಈ ಜಾಗದಲ್ಲಿ ಏನು ಬೇಕು ಎಂದು ಜನರನ್ನು ಕೇಳಿದಿರಿ. ಕ್ಯಾಸಿನೊಗೆ ನಮ್ಮ ಅಭಿಪ್ರಾಯ ಬೇಕಾಗಿದ್ದರೆ ತಂಡಕ್ಕೂ ಬೇಕು. ಈ ಚಳಿಗಾಲದಲ್ಲಿ ಅದೇ ಬಾಗಿಲನ್ನು ಇನ್ನೊಮ್ಮೆ ತೆರೆಯಿರಿ. ವೇದಿಕೆಯ ಮೇಲೆ ನೀವೂ ಸ್ಟರ್ನ್ಸ್ ಅವರೂ ಕುಳಿತುಕೊಳ್ಳಿ. ಪತ್ರಕರ್ತರ ಜೊತೆಗೆ ಮೇಲಂತಸ್ತಿನ ಟಿಕೆಟ್ ಕೊಳ್ಳುವವರಿಗೂ ಮೈಕು ಕೊಡಿ. ಚಳಿಗಾಲದಲ್ಲಿ ಒಬ್ಬ ಗಟ್ಟಿ ಆರಂಭಿಕ ಪಿಚರನನ್ನೂ ಏಕೆ ಕೊಳ್ಳಲಿಲ್ಲ, ಜುಲೈನಲ್ಲಿ ಏಕೆ ತರಲಿಲ್ಲ, ಮೆಕ್ಲೀನ್ ಅವರನ್ನು ಆಗಸ್ಟ್‌ವರೆಗೆ ಏಕೆ ಕಾಯಿಸಿದಿರಿ, 2026ರಲ್ಲಿ ಇದೇ ಮರುಕಳಿಸದಂತೆ ಏನು ಮಾಡುತ್ತೀರಿ ಎಂದು ನಾವು ಕೇಳುತ್ತೇವೆ. ನೀವು ಉತ್ತರಿಸಿ. ಉತ್ತರ ನಮಗೆ ಹಿಡಿಸದೆ ಹೋಗಬಹುದು, ಆದರೂ ನಿಮ್ಮ ಬಾಯಿಂದಲೇ ಕೇಳಬೇಕು.

ಮಾರ್ಚ್‌ನಲ್ಲಿ ಹೊಸ ಋತು ಆರಂಭವಾಗುವ ಮೊದಲು ಯಾವ ಶನಿವಾರವಾದರೂ ಆದೀತು. ನೀವು ತಾರೀಖು ತಿಳಿಸಿ, ನಾವು ಬರುತ್ತೇವೆ.

ಇಂತಿ,
ಕ್ವೀನ್ಸ್‌ನ ಒಬ್ಬ ಕನ್ನಡಿಗ, ಮೆಟ್ಸ್ ಅಭಿಮಾನಿ
ಅಕ್ಟೋಬರ್ 2025